ನ್ಯೂಜಿಲೆಂಡಿಗೆ ಹೋಗದಿರಲು ತಗಲಿದ ಖರ್ಚು

ನ್ಯೂಜಿಲೆಂಡಿಗೆ ಹೋಗದೇ ಇರಲು ನನಗೆ ಮೂವತ್ತೊಂದು ಸಾವಿರ ರೂಪಾಯಿ ಖರ್ಚಾಯಿತು. ಹೋಗಲು ದುಡ್ಡು ಬೇಕು ಎಂಬುದು ಎಲ್ಲರಿಗೂ ಗೊತ್ತು. ಹೋಗದೇ ಉಳಿಯಲೂ ಇಷ್ಟಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡು ಪಾಸ್‌ಪೋರ್ಟು, ಇಬ್ಬರ ವೈದ್ಯಕೀಯ ತಪಾಸಣೆ, ಮರಾಠಿಯಲ್ಲಿದ್ದ ಕಾಗದಪತ್ರಗಳನ್ನು ಇಂಗ್ಲಿಷಿಗೆ ಮಾಡಿಸಿದ್ದು, ಮತ್ತೆ ನನ್ನ ಯಜಮಾನರು ಪುಣೆಯ ಕ್ಯಾಂಪ್ ಪೇಟೆಗೆ ಹೋಗಿ ತಂದ ಒಂದು ಉಣ್ಣೆಯ ಕೋಟು. ಕೋಟಿನ ಬೆಲೆಯನ್ನು ಅವರು ಇವತ್ತಿಗೂ ಸರಿಯಾಗಿ ಹೇಳಿಲ್ಲ, ನಾನೇ ಅಂದಾಜು ಹಿಡಿದಿದ್ದೇನೆ. ಇದರ ಮೇಲೆ ಒಂಬತ್ತು ದಿನ ಅವರು ನನ್ನ ಸಂಗಡ ಮಾತು ಬಿಟ್ಟರು. ಅದನ್ನು ರೂಪಾಯಿಗೆ ಹೇಗೆ ಹಾಕಬೇಕೋ ಗೊತ್ತಿಲ್ಲ.

ಇಷ್ಟೆಲ್ಲ ಯಾಕೆ ಆಯಿತೆಂದರೆ, ನಾನು ಸಂಶಯದ ಹೆಂಗಸು. ಸಂಶಯ ಪಟ್ಟಿದ್ದು ತಪ್ಪಲ್ಲ, ಅದನ್ನು ಮೊದಲು ತಪ್ಪು ಜಾಗದಲ್ಲಿ ತೋರಿಸಿಬಿಟ್ಟೆ. ಆಮೇಲೆ ಸರಿಯಾದ ಜಾಗ ಸಿಕ್ಕಾಗ ನನ್ನ ಮಾತು ಕೇಳುವವರೇ ಇರಲಿಲ್ಲ.

ನಾನು ಬೈಲಹೊಂಗಲದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತೇಳು ವರ್ಷ. ಯಜಮಾನರು ಹಡಪಸರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಕಾರ್ಖಾನೆ ಬಾಗಿಲು ಹಾಕಿದ ವರ್ಷ ನಾನು ಧನಕವಡಿಯ ನಮ್ಮ ಎರಡು ಖೋಲಿಯ ಮನೆಯಲ್ಲಿ ಜೋಳದ ಖಡಕ್ ರೊಟ್ಟಿ ಬಡಿದು ಓಣಿಯ ಅಂಗಡಿಗೆ ಹಾಕಲು ಶುರು ಮಾಡಿದೆ. ಈಗ ಒಂದು ತಗಡಿನ ಶೆಡ್ಡು ಇದೆ, ಹನ್ನೊಂದು ಮಂದಿ ಹೆಂಗಸರಿದ್ದಾರೆ, ಯೆರವಡಾದ ಆಫೀಸುಗಳ ಕ್ಯಾಂಟೀನಿಗೆ ವಾರಕ್ಕೆ ಮೂರು ಸಲ ಮಾಲು ಹೋಗುತ್ತದೆ. ಒಬ್ಬಳೇ ಮಗಳು, ಮದುವೆಯಾಗಿ ಸೊಲ್ಲಾಪುರದಲ್ಲಿ ಆರಾಮಾಗಿದ್ದಾಳೆ. ಇದೆಲ್ಲ ಯಾರೂ ನನಗೆ ಪುಕ್ಕಟೆ ಕೊಟ್ಟದ್ದಲ್ಲ. ಜೋಳದ ವ್ಯಾಪಾರಿ ಚೀಲದ ಬಾಯಿ ಬಿಚ್ಚಿ ತೋರಿಸಿದರೆ ನಾನು ತಳಕ್ಕೆ ಕೈ ಹಾಕಿ ಕಾಳು ತೆಗೆದು ನೋಡುತ್ತೇನೆ. ಅವನಿಗೆ ಸಿಟ್ಟು ಬಂದರೆ ಬರಲಿ.

ಹೋದ ದೀಪಾವಳಿಯ ಹೊತ್ತಿಗೆ ನಮ್ಮ ಮನೆಯ ಹಿಂಬದಿಯ ವಸತಿ ಸೊಸೈಟಿಯಲ್ಲಿ ಒಂದು ನಿಶ್ಚಿತಾರ್ಥವಿತ್ತು. ಅವರ ಮನೆಗೆ ಇನ್ನೂರು ರೊಟ್ಟಿ ಕೊಟ್ಟೆ. ಮರುದಿನ ಬೆಳಿಗ್ಗೆ ಆ ಮನೆಯ ಅಳಿಯ ಶೆಡ್ಡಿಗೆ ಬಂದ. ನಲವತ್ತರ ಆಸುಪಾಸು, ಮೈಸೂರಿನ ಕಡೆಯ ಮಾತು. ಹದಿನೈದು ವರ್ಷದಿಂದ ನ್ಯೂಜಿಲೆಂಡಿನಲ್ಲಿ ಇದ್ದಾನಂತೆ, ಕಿರಾಣಿ ಅಂಗಡಿ, ಅದರ ಪಕ್ಕಕ್ಕೇ ಸಣ್ಣದೊಂದು ಖಾನಾವಳಿ.

"ಆಂಟಿ, ಈ ರೊಟ್ಟಿ ನಮ್ಮೂರಲ್ಲಿ ಸಿಕ್ಕಿದ್ರೆ ಜನ ಕ್ಯೂ ನಿಲ್ತಾರೆ. ನೀವು ಬಂದ್ಬಿಡಿ."

"ಅಲ್ಲೇ ಜೋಳ ಬೆಳೀತಾವೇನ್ರಿ?"

"ಇಲ್ಲ ಆಂಟಿ, ಹಿಟ್ಟು ತರಿಸ್ತೀವಿ."

"ಅಂದ್ರ ಹಳೇ ಹಿಟ್ಟು."

ಅವನು ನಕ್ಕು, ವೀಸಾದ ಮಾತಿಗೆ ಹೊರಳಿದ. ಅದನ್ನು ನಾನು ಗಮನಿಸಿ ಇಟ್ಟುಕೊಂಡೆ. ನನಗೆ ಕೆಲಸದ ವೀಸಾ, ಯಜಮಾನರಿಗೆ ಹೆಂಡತಿಯ ಜೊತೆ ಬರುವ ಗಂಡನ ವೀಸಾ, ಅಂಗಡಿಯ ಮಾಲು ಮತ್ತು ಬಿಲ್ಲಿನ ಲೆಕ್ಕ ಅವರಿಗೆ, ಅಂಗಡಿಯ ಮಹಡಿಯ ಮೇಲೆ ಬಾಡಿಗೆಯಿಲ್ಲದ ಎರಡು ಕೋಣೆ. ಕೆಲವು ವರ್ಷ ಕಳೆದ ಮೇಲೆ ಅಲ್ಲೇ ನೆಲೆಯೂರಲು ಅರ್ಜಿ. ಒಂದೊಂದನ್ನೂ ಬಾಯಿಪಾಠ ಮಾಡಿಕೊಂಡು ಬಂದವನಂತೆ ಹೇಳಿದ. ಬೆಲೆ ಮಾತಾಡುವ ಮೊದಲೇ ಮಾಲನ್ನು ಹೊಗಳುವ ಗಿರಾಕಿಯನ್ನು ನಾನು ಹದಿನೆಂಟು ವರ್ಷದ ವ್ಯಾಪಾರದಲ್ಲಿ ನೋಡಿರಲಿಲ್ಲ. ರೊಟ್ಟಿ ಎಷ್ಟು ಚೆನ್ನಾಗಿದ್ದರೂ ಕೊಳ್ಳುವವನು ಮೊದಲು ಮೂಗು ಮುರಿಯುತ್ತಾನೆ. ಮುರಿಯದಿದ್ದರೆ ಏನೋ ಇದೆ.

ಸಂಜೆ ಯಜಮಾನರಿಗೆ ಹೇಳಿದೆ. ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ.

"ನಾಳೆ ಪಾಸ್‌ಪೋರ್ಟಿಗೆ ಅರ್ಜಿ ಹಾಕೂಣು," ಅಂದರು.

"ಅಷ್ಟ್ಯಾಕ ಅವಸರಾರೀ? ಅಂವಾ ಯಾರೋ, ಎಲ್ಲಿಯವನೋ."

"ನನಗೂ ಒಂದು ಕೆಲಸ ಅಂದಾನಲ್ಲ."

ಕಾರ್ಖಾನೆ ಮುಚ್ಚಿದ ಮೇಲೆ ಅವರು ನಮ್ಮ ಸೊಸೈಟಿಯ ಲೆಕ್ಕಪತ್ರ ಬರೆದುಕೊಂಡಿದ್ದಾರೆ, ಶೆಡ್ಡಿನ ಬಿಲ್ಲು ಕಟ್ಟಿ ಬರುತ್ತಾರೆ. ಓಣಿಯ ಮರಾಠಿ ಮಂದಿ ಅವರನ್ನು 'ಭಾಕ್ರೀವಾಲ್ಯಾ ತಾಈಂಚೇ ಮಿಸ್ಟರ್' ಎನ್ನುತ್ತಾರೆ, ರೊಟ್ಟಿಯಕ್ಕನ ಗಂಡ. ಕೆಟ್ಟ ಮನಸ್ಸಿನಿಂದ ಅಲ್ಲ. ಆದರೂ ಒಬ್ಬ ಗಂಡಸು ಹದಿನೆಂಟು ವರ್ಷ ಅದನ್ನು ಕೇಳಿಸಿಕೊಳ್ಳುವುದೆಂದರೆ ಏನು ಎಂದು ಆ ಸಂಜೆಯ ತನಕ ನಾನು ಯೋಚಿಸಿರಲಿಲ್ಲ.

ನನಗೂ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನು ಕಳಿಸಿದ ಫೋಟೋದಲ್ಲಿ ಮಹಡಿಯ ಕಿಟಕಿಯಿಂದ ಒಂದು ಹಸಿರು ಗುಡ್ಡ ಕಾಣುತ್ತಿತ್ತು. ಕಾತ್ರಜದ ರಸ್ತೆಯ ಹಾರ್ನಿಲ್ಲದ ಒಂದು ಬೆಳಗು, ಇಬ್ಬರಿಗೆ ಮಾತ್ರ ಬೇಕಾದಷ್ಟು ಅಡುಗೆ, ಇಬ್ಬರೂ ಹೊಸಬರಾದ್ದರಿಂದ ಯಾರು ಯಾರ ಗಂಡ, ಯಾರು ಯಾರ ಹೆಂಡತಿ ಎಂದು ಗುರುತು ಹೇಳುವವರಿಲ್ಲದ ಊರು. ಆ ಫೋಟೋವನ್ನು ನಾನು ಎಷ್ಟು ಸಲ ತೆಗೆದು ನೋಡಿದೆ ಎಂದು ಯಜಮಾನರಿಗೆ ಗೊತ್ತಿಲ್ಲ.

ಪಾಸ್‌ಪೋರ್ಟು ಬಂತು. ಡಿಸೆಂಬರಿನಲ್ಲಿ ಅವನು ಅಲ್ಲಿಂದ ವಿಡಿಯೋ ಕಾಲ್ ಮಾಡಿದ. ನಮಗೆ ಮಧ್ಯಾಹ್ನ ಹನ್ನೆರಡೂವರೆ. "ಇಲ್ಲಿ ಈಗ ರಾತ್ರಿ ಎಂಟು ಆಂಟಿ, ಅಂಗಡಿ ಕ್ಲೋಸ್ ಮಾಡ್ತಾ ಇದ್ದೀನಿ," ಎಂದು ಅಂಗಡಿ ತೋರಿಸತೊಡಗಿದ. ಕಪಾಟುಗಳು, ಬೇಳೆಯ ಪೊಟ್ಟಣ, ಗಲ್ಲಾಪೆಟ್ಟಿಗೆ. ನನ್ನ ಕಣ್ಣು ಮಾತ್ರ ಅವನ ಬೆನ್ನ ಹಿಂದಿನ ಗಾಜಿನ ಮೇಲಿತ್ತು. ಹೊರಗೆ ಬಿಸಿಲು. ಮೋಡದ ಬೆಳಕೂ ಅಲ್ಲ, ಕಣ್ಣಿಗೆ ಹೊಡೆಯುವ ಬಿಸಿಲು, ಕಾರಿನ ಟಪ್ಪಿನ ಮೇಲೆ ಹೊಳೆಯುತ್ತಿತ್ತು.

ಡಿಸೆಂಬರ್ ತಿಂಗಳು, ರಾತ್ರಿ ಎಂಟು, ಬಿಸಿಲು! ಪುಣೆಯಲ್ಲಿ ಆರೂವರೆಗೆಲ್ಲ ದೀಪ ಹಚ್ಚುತ್ತೇವೆ. ಈ ಮಹಾರಾಯ ಇಲ್ಲೇ ಹಡಪಸರದ ಯಾವುದೋ ಅಂಗಡಿಯಲ್ಲಿ ನಿಂತು ನನಗೆ ಟೋಪಿ ಹಾಕುತ್ತಿದ್ದಾನೆ ಎಂದು ಖಾತ್ರಿಯಾಯಿತು.

"ರಾತ್ರಿ ಎಂಟಕ್ಕ ಬಿಸಿಲು ಹೆಂಗ್ರೀ?" ಅಂದೆ. ಅವನು ಏನೋ ಹೇಳಲು ಬಾಯಿ ತೆರೆದ. ನಾನು ಬಿಡಲಿಲ್ಲ. "ನಾ ಹಳ್ಳ್ಯಾಕಿ ಖರೆ. ಹಗಲು ಯಾವುದು ರಾತ್ರಿ ಯಾವುದು ಅಂತ ತಿಳೀದಷ್ಟು ದಡ್ಡಿ ಅಲ್ಲ. ಬ್ಯಾರೆ ಯಾರನ್ನರ ಹುಡುಕ್ರಿ," ಎಂದು ಫೋನ್ ಇಟ್ಟೆ. ಶೆಡ್ಡಿನ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದೆ. ಅವರೂ ಬಡಿಯುವುದನ್ನು ನಿಲ್ಲಿಸಿ ಛೀ ಥೂ ಅಂದರು. ಅರ್ಧ ತಾಸು ನನಗಿಂತ ಜಾಣೆ ಪುಣೆಯಲ್ಲೇ ಇರಲಿಲ್ಲ.

ಯಜಮಾನರು ಬಂದು, ಕೇಳಿ, ತಮ್ಮ ಫೋನಿನಲ್ಲಿ ಏನೋ ತೆಗೆದು ನನ್ನ ಮುಖದ ಮುಂದೆ ಹಿಡಿದರು. ನಮಗೆ ಚಳಿಗಾಲ ಇದ್ದಾಗ ಅವರಿಗೆ ಬೇಸಿಗೆಯಂತೆ. ಆ ಊರಿನಲ್ಲಿ ಆ ದಿನ ಸೂರ್ಯ ಮುಳುಗುವುದೇ ರಾತ್ರಿ ಎಂಟೂವರೆ ದಾಟಿದ ಮೇಲೆ.

"ಸೂರ್ಯಾ ಸುದ್ದಾ ನಿನ್ನ ಕೇಳಿ ಮುಳಗಬೇಕೇನು?" ಅಂದರು.

ಶೆಡ್ಡಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಜಮಾನರೇ ಅವನಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಅವನು ಒಳ್ಳೆಯತನದಿಂದಲೇ ಅದನ್ನು ಬಿಟ್ಟುಬಿಟ್ಟ. ಆ ದಿನದಿಂದ ನಾನು ಯಾವುದರ ಬಗ್ಗೆ ಹುಬ್ಬು ಏರಿಸಿದರೂ ನಮ್ಮ ಮನೆಯಲ್ಲಿ ಒಂದೇ ಮಾತು: "ಬಂತು ನೋಡು, ಎಂಟರ ಬಿಸಿಲು." ಅದೇ ವಾರ ಅವರು ಕೋಟು ತಂದರು, ತಪಾಸಣೆಗೆ ದುಡ್ಡು ಕಟ್ಟಿದರು. ತಡೆಯುವ ಮುಖ ನನಗಿರಲಿಲ್ಲ.

ಒಂದನ್ನು ಮಾತ್ರ ಬಿಡಲಿಲ್ಲ. ಅಲ್ಲಿ ಈಗ ರೊಟ್ಟಿ ಬಡಿಯುತ್ತಿರುವ ಹೆಂಗಸಿನ ಜೊತೆ ಮಾತಾಡಿಸು ಎಂದು ಕೇಳಿದೆ. ಬಾಗಲಕೋಟೆಯ ಕಡೆಯ ಒಬ್ಬಾಕೆ ಇದ್ದಾಳೆ, ಕರಾರು ಮುಗಿಸಿ ಊರಿಗೆ ಹೊರಟಿದ್ದಾಳೆ ಎಂದು ಅವನೇ ಮೊದಲು ಹೇಳಿದ್ದ. ಮಾತಾಡಿಸಿದ. ಪಕ್ಕದಲ್ಲೇ ನಿಂತಿದ್ದ, ಅವನ ತೋಳು ಕಾಣುತ್ತಿತ್ತು.

ಆಕೆಗೆ ನಲವತ್ತೆರಡು, ನಲವತ್ತಮೂರು ಇರಬಹುದು. ಸಂಬಳ ವೇಳೆಗೆ ಸರಿಯಾಗಿ ಕೊಡುತ್ತಾರಾ? "ಕೊಡ್ತಾರ್ರಿ." ಕೋಣೆ? "ಚಲೋ ಐತ್ರಿ." ಚಳಿ? "ರೂಢಿ ಆಗೇತ್ರಿ ಅಕ್ಕಾರ." ಒಂದು ರೊಟ್ಟಿ ಬಡಿದು ತೋರಿಸು ಅಂದೆ. ತೋರಿಸಿದಳು. ಕುದಿಯುವ ಎಸರು ಹಾಕಿ ಹಿಟ್ಟು ನಾದಿದ ರೀತಿ, ಹಲಗೆಯ ಮೇಲೆ ರೊಟ್ಟಿ ತಾನೇ ತಿರುಗುವಂತೆ ಬಡಿದ ರೀತಿ, ಎಲ್ಲವೂ ಪಳಗಿದ ಕೈಯದು. ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ಯಜಮಾನರು ನನ್ನ ಕಡೆ ನೋಡಿ ಹುಬ್ಬು ಕುಣಿಸಿದರು.

ಆಗ ನಮ್ಮ ಕಡೆಯ ಹೆಂಗಸರು ಕೇಳುವ ಒಂದು ಮಾತು ಕೇಳಿದೆ. ದೂರದ ಊರಿಗೆ ಕೊಟ್ಟ ಹೆಣ್ಣುಮಗಳ ಹತ್ತಿರಕ್ಕೆ ಯಾರಾದರೂ ಹೊರಟರೆ, ತವರಿನ ಬುತ್ತಿ ಏನು ತರಲಿ ಎಂದು ಕೇಳಿಯೇ ಹೊರಡುತ್ತೇವೆ. ಅಂಗಡಿಯವನ ಭಾವಮೈದುನ ಜನವರಿಯಲ್ಲಿ ಪುಣೆಯಿಂದ ಅಲ್ಲಿಗೆ ಹೋಗುವವನಿದ್ದ.

"ತಂಗಿ, ಬುತ್ತಿ ಏನ ಕಳಸಲಿ? ಶೇಂಗಾ ಹಿಂಡಿ? ಕರದಂಟು?"

"ಹೇಳಿ ಹೇಳಿ, ಸಂಕೋಚ ಪಡಬೇಡಿ," ಎಂದು ಅವನೂ ಹುರುಪಿನಿಂದ ಹೇಳಿದ.

ಆಕೆ ಕೈಗಂಟಿದ ಹಿಟ್ಟು ಒರೆಸಿಕೊಂಡಳು. "ತಿನ್ನೂದು ಏನೂ ಬ್ಯಾಡ್ರಿ ಅಕ್ಕಾರ. ಮೊಣಕೈಗೆ ಹಾಕೂ ಪಟ್ಟಿ ಬರ್ತಾವಲ್ರಿ, ಬಿಗೀ ಇರೂವು. ಅವು ಎರಡು. ತಿಕ್ಕೂ ಮುಲಾಮು ಒಂದು ದೊಡ್ಡ ಡಬ್ಬಿ."

"ಯಾವ ಕೈಗವ್ವಾ?"

"ಎರಡಕ್ಕೂರಿ."

ರೊಟ್ಟಿ ಬಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಿಮಗೆ ಹೇಳುತ್ತೇನೆ. ಬಡಿಯುವುದು ಬಲಗೈ. ಎಡಗೈ ಬರೀ ಅಂಚು ತಿರುಗಿಸುತ್ತದೆ. ಎರಡೂ ಮೊಣಕೈಗೆ ಪಟ್ಟಿ ಬೇಕಾಗಿದೆ ಎಂದರೆ, ಬಲಗೈ ಸೋತ ಮೇಲೆ ಎಡಗೈಯಲ್ಲಿ ಬಡಿಯುತ್ತಿದ್ದಾಳೆ, ಅದೂ ಈಗ ಸೋಲುತ್ತಿದೆ ಎಂದರ್ಥ. ನನ್ನ ಶೆಡ್ಡಿನಲ್ಲಿ ಮೂರನೆಯ ವರ್ಷ ಒಬ್ಬ ಹೆಂಗಸಿಗೆ ಆರು ತಿಂಗಳು ಕೈ ಎತ್ತಲು ಬರಲಿಲ್ಲ. ಅವತ್ತಿನಿಂದ ಒಂದು ನೇಮ ಹಾಕಿದ್ದೇನೆ: ನೂರು ಬಡಿದವಳು ಎದ್ದು ಹಂಚಿನ ಹತ್ತಿರ ಹೋಗಿ ಬೇಯಿಸಬೇಕು, ಆಮೇಲೆ ಪೊಟ್ಟಣ ಕಟ್ಟಬೇಕು. ಎಷ್ಟೇ ಆರ್ಡರ್ ಇರಲಿ.

"ದಿನಾ ಎಷ್ಟ ಆಗ್ತಾವ?" ಎಂದು ಕೇಳಿದೆ.

"ಮುನ್ನೂರೈವತ್ತರಿ. ಶನಿವಾರ ಹೆಚ್ಚಿಗಿ ಕೇಳ್ತಾರ್ರಿ."

"ಬೇಯಿಸೋರು?"

"ನಾನ ರಿ."

"ಭಯಂಕರ ಸ್ಪೀಡ್ ಇದ್ದಾರೆ ಆಂಟಿ ಇವರು!" ಎಂದ ಅವನು. ಮನಸ್ಸಾರೆ ಹೊಗಳಿದ. ಆ ಮನುಷ್ಯ ನನಗೆ ಒಂದು ಸುಳ್ಳನ್ನೂ ಹೇಳಿರಲಿಲ್ಲ ಎಂಬುದು ಆಗ ತಿಳಿಯಿತು. ನಾನು ಇಷ್ಟು ದಿನ ಹುಡುಕಿದ್ದು ಸುಳ್ಳನ್ನು. ಕೇಳದೇ ಇದ್ದ ಪ್ರಶ್ನೆ ಬೇರೆಯೇ ಇತ್ತು.

ಮರುದಿನ ಫೋನಿನಲ್ಲೇ ಅವನ ಜೊತೆ ಚೌಕಾಸಿಗೆ ಕೂತೆ. ಇನ್ನೊಬ್ಬಾಕೆಯನ್ನು ಕರೆತರುತ್ತೇನೆ ಅಂದೆ. ಒಂದೇ ವೀಸಾ ಅಂದ. ಹಾಗಾದರೆ ದಿನಕ್ಕೆ ನೂರೈವತ್ತೇ ಎಂದು ಕಾಗದದ ಮೇಲೆ ಬರೆ ಅಂದೆ. ಅಷ್ಟರಲ್ಲಿ ಅಂಗಡಿ ನಡೆಯಲ್ಲ ಅಂದ. ಮಷೀನು ತರಿಸು ಅಂದೆ. "ನೋಡೋಣ ಆಂಟಿ," ಅಂದ. ವ್ಯಾಪಾರದಲ್ಲಿ ನೋಡೋಣ ಎಂದರೆ ಇಲ್ಲ ಎಂದೇ. ಆಮೇಲೆ, ನಾನು ಬಾಯಿ ಬಿಡುವ ಮೊದಲೇ, ತಾನಾಗಿ ಸಂಬಳ ಏರಿಸಿದ. ಕೇಳಿದ್ದನ್ನು ಕೊಡದೆ ಕೇಳದ್ದನ್ನು ಕೊಡುವವನ ಹತ್ತಿರ ಕೇಳಿದ್ದು ಇರುವುದಿಲ್ಲ. ನಾನು ಹೋಗುವುದಿಲ್ಲ ಎಂದು ಅಲ್ಲಿಗೇ ತೀರ್ಮಾನಿಸಿದೆ.

ಯಜಮಾನರಿಗೆ ಹೇಳಿದಾಗ ಅವರು ಕೋಟಿಗೆ ಹೊಸ ಗುಂಡಿ ಹೊಲಿಯುತ್ತಿದ್ದರು.

"ಮೊದಲ ಸೂರ್ಯನ ಮ್ಯಾಲೆ ಸಂಶಯ. ಈಗ ಮುಲಾಮಿನ ಡಬ್ಬಿ ಮ್ಯಾಲೆ," ಅಂದರು. "ನಲವತ್ತು ದಾಟಿದ ಮ್ಯಾಲೆ ಮುಲಾಮು ಹಚ್ಚಗೊಳ್ಳದವರು ಯಾರದಾರ?"

"ಅದು ಎರಡೂ ಕೈ ರೀ."

"ಸುಳ್ಳ ನೆವಾ ಹೇಳಬ್ಯಾಡ. ಇಲ್ಲಿ ಹನ್ನೊಂದು ಮಂದಿ ನಿನಗ ಅಕ್ಕಾರ ಅಕ್ಕಾರ ಅಂತಾರ. ಅದನ್ನ ಬಿಟ್ಟು ಬರಾಕ ಆಗೂದಿಲ್ಲ ನಿನಗ. ಅಷ್ಟ ಹೇಳು, ಕೇಳತೀನಿ."

ಅದರಲ್ಲಿ ಅರ್ಧ ನಿಜವಿತ್ತು. ಆದ್ದರಿಂದಲೇ ನಾನು ಜೋರಾಗಿ ಕೂಗಾಡಿದೆ. ಅಲ್ಲಿಂದ ಒಂಬತ್ತು ದಿನ ಮನೆಯಲ್ಲಿ ಮಾತಿಲ್ಲ. ತಾಟು ಮುಂದಿಟ್ಟರೆ ಉಂಡು, ತೊಳೆದು, ಬೋರಲು ಹಾಕಿ ಹೋಗುತ್ತಿದ್ದರು. ತೊಳೆಯುವುದು ಅವರ ರೂಢಿಯಲ್ಲ, ಸಿಟ್ಟಿನ ಗುರುತು.

ಹತ್ತನೆಯ ದಿನ ರವಿವಾರ. ಶೆಡ್ಡಿಗೆ ರಜೆ. ಬೆಳಿಗ್ಗೆ ಏಳಕ್ಕೆ ನಾನೇ ಮಾತು ತೆಗೆದೆ.

"ಇವತ್ತ ಅಲ್ಲೀ ಕೆಲಸ ಇಲ್ಲೇ ಮಾಡತೀನಿ. ನಾದೂದು, ಬಡಿಯೂದು, ಬೇಯಿಸೂದು, ಎಲ್ಲಾ ನಾನ. ನೀವು ಕೈ ಹಚ್ಚಬ್ಯಾಡ್ರಿ, ಕೂತು ನೋಡ್ರಿ. ಮುನ್ನೂರೈವತ್ತು ಆದ್ರ ಟಿಕೀಟು ತಗಸ್ರಿ. ನಾ ಎದುರು ಮಾತಾಡೂದಿಲ್ಲ."

ಖರೆ ಮಾತೇ ಹೇಳಿದ್ದೆ. ಮುಗಿಸಿಬಿಟ್ಟರೆ ಹೋಗಲು ತಯಾರಿದ್ದೆ. ಅವರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಪೇಪರ್ ಬಿಡಿಸಿ ಕೂತರು.

ಮೊದಲ ಐವತ್ತು ಹಗುರಾಗಿ ಹೋದವು. ನೂರಕ್ಕೆ ಅವರೇ ಚಹಾ ಮಾಡಿ ತಂದಿಟ್ಟರು. ಬೇಯಿಸಲು ಏಳುವುದು, ಬಡಿಯಲು ಕೂರುವುದು, ಮತ್ತೆ ಏಳುವುದು; ಮೊಣಕಾಲೂ ಸೇರಿಕೊಂಡು ಹಠ ಮಾಡತೊಡಗಿತು. ನೂರಾ ಇಪ್ಪತ್ತರ ಹೊತ್ತಿಗೆ ಅವರು ಪೇಪರಿನ ಮೇಲಿನಿಂದ ನೋಡಿದರು.

"ಬೇಕಂತ ಸಾವಕಾಶ ಬಡಿಯಾಕತ್ತೀಯೇನು?"

"ನೀವ ಎಣಸ್ರಿ. ತಾಸಿಗೆ ಎಷ್ಟ ಆಗ್ಯಾವ ನೋಡ್ರಿ."

ಎಣಿಸಿದರು. ಮತ್ತೆ ಪೇಪರ್ ಹಿಡಿದರು. ಇಪ್ಪತ್ತೇಳು ವರ್ಷದಲ್ಲಿ ಅವರೂ ನನ್ನಿಂದ ಸಂಶಯ ಕಲಿತಿದ್ದಾರೆ ಎಂದುಕೊಂಡೆ.

ಮಧ್ಯಾಹ್ನ ದಾಟಿತು. ನೂರಾ ಎಪ್ಪತ್ತರ ನಂತರ ರೊಟ್ಟಿಯ ಅಂಚು ಸೀಳತೊಡಗಿತು. ಹಿಟ್ಟು ಅದೇ, ಎಸರು ಅದೇ. ಕೈಯಲ್ಲಿ ಒತ್ತುವ ಬಲವಿರಲಿಲ್ಲ. ಅವರು ಒಂದು ಒಡೆದ ರೊಟ್ಟಿಯನ್ನು ಎತ್ತಿ ಹಿಡಿದು ನೋಡಿದರು. ನನ್ನ ಕೈಯ ರೊಟ್ಟಿಯ ಅಂಚು ಸೀಳಿದ್ದನ್ನು ಆ ಮನುಷ್ಯ ಒಂದು ದಿನವೂ ಕಂಡವರಲ್ಲ. ಪೇಪರ್ ಮಡಚಿಟ್ಟರು. ಇನ್ನೂರರ ಹತ್ತಿರ ಬಂದಿರಬೇಕು, ಅವರು ಕುರ್ಚಿಯಿಂದ ಎದ್ದು ಬಂದು ಗ್ಯಾಸ್ ಆರಿಸಿದರು.

"ಇನ್ನ ನೂರೈವತ್ತು ಅದಾವ್ರೀ."

"ಸಾಕು."

"ಹಂಗ ಹೆಂಗ ಸಾಕು? ಮಾತು ಅಂದ್ರ ಮಾತು."

"ಎಡಗೈಲೆ ಬಡಿಯಾಕತ್ತೀ ನೋಡು," ಅಂದರು.

ನಾನು ಕೆಳಗೆ ನೋಡಿದೆ. ನಿಜ. ಯಾವಾಗ ಕೈ ಬದಲಿಸಿದೆನೋ ನನಗೇ ಗೊತ್ತಿರಲಿಲ್ಲ.

ಅವರು ತಪ್ಪಾಯಿತು ಎನ್ನಲಿಲ್ಲ, ಅಂತಹ ಮನುಷ್ಯರಲ್ಲ. ಬೆಚ್ಚಗಿನ ನೀರಿಗೆ ಉಪ್ಪು ಹಾಕಿ ತಂದು ನನ್ನ ಕೈ ಅದರಲ್ಲಿ ಇರಿಸಿದರು. ಸ್ವಲ್ಪ ಹೊತ್ತಿನ ನಂತರ, "ಆಕಿಗೆ ಪಟ್ಟಿ ಕಳಿಸಿದಿ ಏನು?" ಎಂದು ಕೇಳಿದರು. ಇಲ್ಲ ಎಂದಾಗ ತಾವೇ ಹೋಗಿ ಔಷಧದ ಅಂಗಡಿಯಿಂದ ಎರಡರ ಬದಲು ನಾಲ್ಕು ತಂದರು. ಅವುಗಳ ಮಡಿಕೆಯಲ್ಲಿ ನನ್ನ ಫೋನ್ ನಂಬರ್ ಬರೆದ ಚೀಟಿ ಇಟ್ಟು, ಮುಲಾಮಿನ ಡಬ್ಬಿಯ ಜೊತೆ ಆ ಭಾವಮೈದುನನ ಕೈಗೆ ಕೊಟ್ಟೆವು. ಮಾರನೇ ದಿನ ಅಂಗಡಿಯವನಿಗೆ ಯಜಮಾನರೇ ಫೋನ್ ಮಾಡಿ, ಬರುವುದಾಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಚೆನ್ನಾಗಿ ಹೇಳಿದರು. ಆ ಇಂಗ್ಲಿಷು ಕಿವಿಗೆ ಬಿದ್ದಾಗಲೇ ನನಗೆ ಹೊಳೆದದ್ದು: ಯೆರವಡಾದ ಕ್ಯಾಂಟೀನಿನವರ ಜೊತೆ ಹರಕು ಹಿಂದಿಯಲ್ಲಿ ನಾನು ಯಾಕೆ ಗುದ್ದಾಡುತ್ತಿದ್ದೇನೆ? ಈಗ ಅಲ್ಲಿನ ವ್ಯವಹಾರ ಪೂರ್ತಿ ಅವರದು. ಹೋದ ತಿಂಗಳು ನನ್ನನ್ನು ಕೇಳದೆಯೇ ದರ ಏರಿಸಿ ಬಂದರು. ನಾನಾಗಿದ್ದರೆ ಇನ್ನೂ ಒಂದು ರೂಪಾಯಿ ಹೆಚ್ಚಿಗೆ ಎಳೆಯುತ್ತಿದ್ದೆ. ಹೇಳಲಿಲ್ಲ.

ಆಕೆಯಿಂದ ಒಂದೇ ಸಂದೇಶ ಬಂತು: ಪಟ್ಟಿ ಮುಟ್ಟಿದವು, ಹೋಳಿಹುಣ್ಣಿಮೆಗೆ ಊರಿಗೆ ಬರುತ್ತೇನೆ ಎಂದು. ಆ ಅಂಗಡಿಗೆ ಬೇರೆ ಯಾರು ಹೋದರೋ ನನಗೆ ತಿಳಿಯದು.

ನೀವೂ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ ಚೆನ್ನಾಗಿರುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಕರೆದವನು ಸುಳ್ಳುಗಾರನೋ ಅಲ್ಲವೋ ಎಂದು ಹುಡುಕುತ್ತ ಕೂರಬೇಡಿ. ಅವನು ನಿಜವನ್ನೇ ಹೇಳುತ್ತಿದ್ದರೂ ನಿಮಗೆ ಅದು ಆಗಿಬರದೇ ಇರಬಹುದು. ನಿಮ್ಮ ಜಾಗದಲ್ಲಿ ಈಗ ದುಡಿಯುತ್ತಿರುವವರು ಯಾರು ಎಂದು ಕೇಳಿ, ಅವರ ಜೊತೆ ಮಾತಾಡಿ. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇವೆ ಎಂದೇ ಹೇಳುತ್ತಾರೆ, ಪಕ್ಕದಲ್ಲಿ ಮಾಲೀಕ ನಿಂತಿರುತ್ತಾನೆ. ಏನು ಕಳಿಸಲಿ ಎಂದು ಕೇಳಿ. ಸಂಶಯ ಬಂದರೆ ಮನೆಯವರ ಮುಂದೆ ಬಾಯಿ ಬಿಡುವ ಮೊದಲು ಒಂದು ರಾತ್ರಿ ತಡೆಯಿರಿ, ಪರೀಕ್ಷೆ ಮಾಡಿ ನೋಡಿ. ಒಂದು ಸಲ ನಗೆಪಾಟಲಾದರೆ ಎರಡನೆಯದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಲ್ಲಿ ಮಾಡಬೇಕಾದ ಕೆಲಸವನ್ನು ಇಲ್ಲೇ ಒಂದು ಪೂರ್ತಿ ದಿನ, ಒಬ್ಬರೇ ಮಾಡಿ. ಅರ್ಧ ದಿನ ಸಾಲದು, ಅರ್ಧ ದಿನ ಎಲ್ಲರಿಂದಲೂ ಆಗುತ್ತದೆ. ಹೋಗಲೇಬೇಕೆಂದು ಹಟ ಹಿಡಿದವರನ್ನು ಎದುರಿಗೆ ಕೂರಿಸಿಕೊಂಡು ಮಾಡಿ, ಅವರು ಯಾಕೆ ಹಟ ಹಿಡಿದಿದ್ದಾರೆ ಎಂಬುದನ್ನೂ ಆ ದಿನವೇ ಕೇಳಿಬಿಡಿ. ಪಾಸ್‌ಪೋರ್ಟು ಮಾಡಿಸಿಟ್ಟುಕೊಳ್ಳಿ, ಅದು ಹತ್ತು ವರ್ಷ ಬರುತ್ತದೆ, ನಷ್ಟವಿಲ್ಲ. ವೈದ್ಯಕೀಯ ತಪಾಸಣೆಯನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಮಾಡಿಸಿ. ಆ ದುಡ್ಡನ್ನು ಯಾರೂ ವಾಪಸು ಕೊಡುವುದಿಲ್ಲ, ನಾನು ಕೇಳಿ ನೋಡಿದ್ದೇನೆ.